ಗಾಂಜಾಕ್ಕೆ ತೆರಿಗೆ ಹಾಕಿದರೆ ಸಮಸ್ಯೆ ತೀರುವುದೇ?

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಗಾಂಜಾವನ್ನು ಕಾನೂನುಬದ್ಧಗೊಳಿಸಿ ತೆರಿಗೆ ಹಾಕಬೇಕೇ ಎಂಬುದು ನನಗೆ ಕೊಟ್ಟ ವಿಷಯ. ಸಂಭ್ರಮದ ದಿನ ಇದೆಂಥ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಬೆಳೆದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದು ಗುಟ್ಟಾಗಿ ಕಾಡುವ ಚಿಂತೆ. ವಕೀಲನಾಗಿ ನನಗೆ ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ತೆರಿಗೆ ಹಾಕಿ ಎನ್ನುವವರ ವಾದ ತಳ್ಳಿಹಾಕುವಂಥದ್ದಲ್ಲ, ಹೊಸದೂ ಅಲ್ಲ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಆಯೋಗವೊಂದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಗಾಂಜಾಕ್ಕೆ ಪೂರ್ಣ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯಿಂದ ಹತೋಟಿಯಲ್ಲಿಡಿ ಎಂದಿತ್ತು. ದೇಶಕ್ಕೆಲ್ಲ ಒಂದೇ ಬಿಗಿಯಾದ ಕಾನೂನು ಬಂದದ್ದು 1985ರ ಎನ್‌ಡಿಪಿಎಸ್ ಕಾಯ್ದೆಯಿಂದ. ಈಚೆಗೆ ಉರುಗ್ವೆ 2013ರಲ್ಲಿ, ಕೆನಡಾ 2018ರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದವು. ಕಳ್ಳಸಾಗಣೆದಾರನ ಜೇಬು ಸೇರುವ ಹಣ ಖಜಾನೆಗೆ ಬರಲಿ, ಅದರಿಂದ ಶಾಲೆ, ಆಸ್ಪತ್ರೆ ನಡೆಯಲಿ ಎಂಬುದು ಈ ಪಕ್ಷದವರ ಮಾತು.

ಈ ಮಾತನ್ನು ಒರೆಗೆ ಹಚ್ಚಲು ಕೆನಡಾಕ್ಕೆ ಹೋಗಬೇಕಿಲ್ಲ. ಸಾರಾಯಿ ಪ್ಯಾಕೆಟ್ಟು ಇಲ್ಲಿನ ಹಿರಿಯರಿಗೆಲ್ಲ ನೆನಪಿದೆ. ಅದು ಕಾನೂನುಬದ್ಧವಾಗಿತ್ತು, ಗುತ್ತಿಗೆ ಹರಾಜಾಗುತ್ತಿತ್ತು, ಸರ್ಕಾರಕ್ಕೆ ಹಣವೂ ಬರುತ್ತಿತ್ತು. ಬರುತ್ತಿದ್ದುದು ಎಲ್ಲಿಂದ? ಕೂಲಿಯವನ ಸಂಜೆಯ ದುಡ್ಡಿನಿಂದ, ಅವನ ಮಕ್ಕಳ ಅನ್ನದಿಂದ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಅಬಕಾರಿ ಆದಾಯಕ್ಕೆ ಒಗ್ಗಿದ ಯಾವ ಸರ್ಕಾರಕ್ಕೂ ಅವರ ಮಾತಿಗೆ ಹೂಂ ಅನ್ನುವುದು ಸುಲಭವಲ್ಲ.

ತೆರಿಗೆಯಿಂದ ಕಳ್ಳದಂಧೆ ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ. ತಮಿಳುನಾಡಿನಲ್ಲಿ ಸರ್ಕಾರವೇ ಮದ್ಯದಂಗಡಿ ನಡೆಸುತ್ತದೆ. ಆದರೂ 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರು. ತೆರಿಗೆ ಏರಿಸಿದರೆ ಬಡವನು ಅಗ್ಗದ ಕಳ್ಳಮಾಲು ಹುಡುಕುತ್ತಾನೆ. ಇಳಿಸಿದರೆ ಕುಡಿತ ಹೆಚ್ಚುತ್ತದೆ. ಇನ್ನೊಂದು ಮಗ್ಗುಲನ್ನೂ ಹೇಳಬೇಕು: 2016ರಿಂದ ಮದ್ಯ ನಿಷೇಧವಿರುವ ಬಿಹಾರದಲ್ಲೂ ಇಂಥ ಸಾವುಗಳಾಗಿವೆ.

ಹಾಗಾದರೆ ಹುಡುಗರನ್ನು ಹಿಡಿದು ಜೈಲಿಗೆ ಹಾಕಬೇಕೇ? ಅದೂ ಪರಿಹಾರವಲ್ಲ. ಗಾಂಜಾ ಸೇದಿದವನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕಿಲೋಗಿಂತ ಹೆಚ್ಚು ಸಾಗಿಸಿದವನಿಗೆ ಕನಿಷ್ಠ ಹತ್ತು ವರ್ಷ. ಕಾಯ್ದೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ತೂಗುವವರು ನಾವು. ಒಮ್ಮೆ ಸಿಕ್ಕಿಬಿದ್ದ ಹುಡುಗನಿಗೆ ಊರೇ 'ಗಾಂಜಾ ಕೇಸು' ಎಂದು ಹೆಸರಿಡುತ್ತದೆ. ಹೆತ್ತವರು ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಹುಡುಗ ಮತ್ತೆ ಅದೇ ಗುಂಪಿಗೆ ಹೋಗುತ್ತಾನೆ.

ಇದೇ ಕಾಯ್ದೆಯ 64-ಎ ಕಲಮು ಬಹಳ ಜನರಿಗೆ ಗೊತ್ತಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಕೊಂಡ ವ್ಯಸನಿಯು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮಾಡಿದರೆ, ಅಂಥ ಅಪರಾಧಕ್ಕೆ ಮೊಕದ್ದಮೆಯಿಂದ ಅವನಿಗೆ ರಕ್ಷಣೆ ಇದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಪೋರ್ಚುಗಲ್ 2001ರಲ್ಲಿ ಇದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಯಿತು. ಅಲ್ಲಿ ಮಾದಕ ವಸ್ತು ಮಾರುವುದು ಇಂದಿಗೂ ಅಪರಾಧ. ಸ್ವಂತಕ್ಕೆ ಅಲ್ಪಸ್ವಲ್ಪ ಇಟ್ಟುಕೊಂಡವನನ್ನು ಮಾತ್ರ ಜೈಲಿನ ಬದಲು ಒಂದು ಸಮಿತಿಯ ಮುಂದೆ ಕಳಿಸುತ್ತಾರೆ. ಬೇಕಾದವರಿಗೆ ಅಲ್ಲಿಂದ ಚಿಕಿತ್ಸೆಯ ದಾರಿ ತೆರೆಯುತ್ತದೆ.

ನನ್ನ ಅಭಿಪ್ರಾಯ ಇಷ್ಟೇ: ಗಾಂಜಾಕ್ಕೆ ಅಂಗಡಿಯೂ ಬೇಡ, ಅದರ ತೆರಿಗೆಯೂ ಬೇಡ. ಮಾರುವವನಿಗೆ ಕಾನೂನು ಇರಲಿ, ಸೇದುವವನಿಗೆ ಚಿಕಿತ್ಸೆ ಸಿಗಲಿ. ಗುರುಗಳೇ, ಸಂಶಯ ಬಂದ ಹುಡುಗನ ಟಿ.ಸಿ. ಬರೆಯುವ ಮೊದಲು ಅವನ ಮನೆಯವರನ್ನು ಕರೆದು ಮಾತಾಡಿ. ತಾಯಂದಿರೇ, 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, ಕರೆಗೆ ದುಡ್ಡು ಬೇಡ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಮಕ್ಕಳೇ, ಗೆಳೆಯನೊಬ್ಬ ಈ ದಾರಿ ಹಿಡಿದಿದ್ದರೆ ದೊಡ್ಡವರಿಗೆ ತಿಳಿಸಿ. ಅದು ಚಾಡಿ ಅಲ್ಲ, ಅವನನ್ನು ಉಳಿಸುವ ಕೆಲಸ.

ಐವತ್ತು ವರ್ಷ ನಮ್ಮೂರಿನ ಮಕ್ಕಳನ್ನು ಕೈಹಿಡಿದು ನಡೆಸಿದ ಶಾಲೆ ಇದು. ಎಡವಿದವನ ಕೈಯನ್ನೂ ಅದು ಬಿಡದಿರಲಿ.