ಮೂರು ಸಾವಿರವೋ, ಮೂರು ಲಕ್ಷವೋ?

(ವಿಶ್ವಕೋಶ ಬರಹದಲ್ಲಿ ಆಕರ ಪರಿಶೀಲನೆ ಕುರಿತ ಉಪನ್ಯಾಸ)



ವಿಶ್ವಕೋಶದ ಲೇಖನದಲ್ಲಿ ಒಂದು ಮಾತಿಗೆ ಅಡಿಟಿಪ್ಪಣಿ ಇದೆ ಎಂದಮಾತ್ರಕ್ಕೆ ಆ ಮಾತು ನಿಜವಾಗಿಬಿಡುವುದಿಲ್ಲ. ಹೆಸರಿಸಿದ ಆಕರವನ್ನು ತೆರೆದು ಓದಬೇಕು. ಅದು ಆ ಮಾತನ್ನು ಹೇಳಿದೆಯೇ? ಹೇಳಿದ್ದರೆ, ಅದಕ್ಕೆ ಗೊತ್ತಾದದ್ದು ಹೇಗೆ? 1737ರ ಕಲ್ಕತ್ತೆಯ ಚಂಡಮಾರುತ ಇದಕ್ಕೊಂದು ಒಳ್ಳೆಯ ನಿದರ್ಶನ.

ಆ ದುರಂತದಲ್ಲಿ 3 ಲಕ್ಷ ಜನ ಸತ್ತರೆಂದು ಅನೇಕ ಗ್ರಂಥಗಳು ಹೇಳುತ್ತವೆ. ಒಂದು ಪುಸ್ತಕ ಇನ್ನೊಂದರ ಕಡೆ ಕೈ ತೋರುತ್ತದೆ, ಅದು ಮತ್ತೊಂದರ ಕಡೆ. ಹಾಗೆಯೇ ಹಿಂದೆ ಸಾಗಿದರೆ, ಹಡಗುಗಳ ಮೂಲಕ ಯೂರೋಪು ಸೇರಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಂಥ ಪತ್ರಿಕೆಗಳಲ್ಲಿ ಅಚ್ಚಾದ ಸುದ್ದಿಗೆ ಬಂದು ಮುಟ್ಟುತ್ತೇವೆ. ಪುಸ್ತಕಗಳು ಹತ್ತಿರಬಹುದು, ಸಾಕ್ಷಿ ಒಂದೇ!

ಸ್ಥಳದಲ್ಲೇ ಇದ್ದ ಈಸ್ಟ್ ಇಂಡಿಯಾ ಕಂಪೆನಿಯ ಸುಂಕಾಧಿಕಾರಿ ಥಾಮಸ್ ಜೋಶುವಾ ಮೂರ್ ಬರೆದ ವರದಿ ಬೇರೆಯದೇ ಕಥೆ ಹೇಳುತ್ತದೆ. ಬಿರುಗಾಳಿ, ಪ್ರವಾಹಗಳಿಗೆ ಹುಲ್ಲು ಮಾಡಿನ ಮನೆಗಳು ನೆಲಸಮವಾದವು; ನಗರದಲ್ಲಿ ಸತ್ತವರು ಸುಮಾರು 3,000. ಭೂಕಂಪಗಳ ಪಟ್ಟಿಗಳಲ್ಲೂ ಬಹುಕಾಲ ಸೇರಿಕೊಂಡಿದ್ದ ಈ ಘಟನೆಯನ್ನು ಭೂವಿಜ್ಞಾನಿ ರೋಜರ್ ಬಿಲ್ಹಮ್ 1994ರಲ್ಲಿ ಪುನಃ ಪರಿಶೀಲಿಸಿದರು. ಮೂರ್ ವರದಿಯಲ್ಲಿ ಭೂಕಂಪದ ಮಾತೇ ಇಲ್ಲ. ಅಂದಿನ ಕಲ್ಕತ್ತೆಯಲ್ಲಿ 3 ಲಕ್ಷ ಜನವೂ ಇರಲಿಲ್ಲ.

ತಾರೀಖಿನಲ್ಲೂ ಒಂದು ತೊಡಕು. ಕೆಲವೆಡೆ ಸೆಪ್ಟೆಂಬರ್ 30, ಕೆಲವೆಡೆ ಅಕ್ಟೋಬರ್ 11 ಎಂದಿದೆ. ಇಲ್ಲಿ ಯಾರದೂ ತಪ್ಪಿಲ್ಲ. ಇಂಗ್ಲಿಷರು 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುತ್ತಿದ್ದರು. ವ್ಯತ್ಯಾಸ 11 ದಿನ. ಇದು ತಿಳಿಯದಿದ್ದರೆ ಒಂದು ಬಿರುಗಾಳಿ ಎರಡಾಗಿಬಿಡುತ್ತದೆ.

ಹಾಗಾದರೆ 3 ಲಕ್ಷವನ್ನು ಹೊಡೆದುಹಾಕಿ 3,000 ಎಂದು ಬರೆದರೆ ಸಾಕೇ? ಸಾಲದು. ಮೂರ್ ಕೊಟ್ಟದ್ದು ನಗರದ ಲೆಕ್ಕ. ಗಂಗೆಯ ಮುಖಜಭೂಮಿಯ ಹಳ್ಳಿಗಳಲ್ಲಿ ಮಡಿದವರು ಅದರಲ್ಲಿ ಸೇರಿಲ್ಲ. ಆದ್ದರಿಂದ ಎರಡೂ ಅಂಕಿಗಳನ್ನು ಕೊಟ್ಟು, ಯಾವುದು ಯಾರ ಮಾತು, ಎಷ್ಟು ಪ್ರದೇಶದ್ದು ಎಂದು ತಿಳಿಸುವುದೇ ಸರಿಯಾದ ಕ್ರಮ.

ಇಷ್ಟೆಲ್ಲ ಏಕೆ ಎನ್ನಬಹುದು. ಹಳೆಯ ಬಿರುಗಾಳಿಗಳ ಲೆಕ್ಕ ನೋಡಿಯೇ ನಾವು ಮುಂದಿನ ಅಪಾಯವನ್ನು ಅಳೆಯುತ್ತೇವೆ. ಉಬ್ಬಿಸಿದ ಅಂಕಿ ಆ ಅಳತೆಯನ್ನೇ ಕೆಡಿಸುತ್ತದೆ. ಅದೂ ಅಲ್ಲದೆ, 3 ಲಕ್ಷದ ಅಬ್ಬರದಲ್ಲಿ, ಗುಡಿಸಲುಗಳಡಿ ನಿಜವಾಗಿ ಸತ್ತ ಆ 3,000 ಜನ ಮರೆತೇಹೋಗುತ್ತಾರೆ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂದರು ಹಿರಿಯರು. ಕಾಣದೆ ಕೇಳಿದ್ದನ್ನಂತೂ ಎರಡು ಬಾರಿ ಪರಾಂಬರಿಸಬೇಕು.