ಹೇಳಿದ ಗುಣ ಇಲ್ಲದ ವಾಹನ: ಮಾರಿದವನ ಹೊಣೆ, ಕೊಂಡವನ ಹಕ್ಕು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಸಲಾತ್ ಹಾಗೂ ಸಲಾಮ್ ಇರಲಿ.

ಗೌರವಾನ್ವಿತ ಸಹೋದರರೇ, ಅಲ್ಲಾಹನನ್ನು ಭಯಪಡಿರಿ. ನಮಾಝಿನ ಸಫ್‌ನಲ್ಲಿ ನಮ್ಮೊಂದಿಗಿರುವ ತಖ್ವಾ, ವ್ಯಾಪಾರದ ಮಾತಿನಲ್ಲೂ ನಮ್ಮೊಂದಿಗಿರಬೇಕು. ಇಂದು ವಾಹನದ ಕೊಡುಕೊಳ್ಳುವಿಕೆಯ ಬಗ್ಗೆ ಮಾತನಾಡುತ್ತೇನೆ. ನಮ್ಮ ಸಮುದಾಯದಲ್ಲಿ ಹಳೆ ಗಾಡಿಯ ವ್ಯಾಪಾರ ಮಾಡುವವರಿದ್ದಾರೆ, ಬ್ರೋಕರ್‌ಗಳಿದ್ದಾರೆ, ಮೆಕ್ಯಾನಿಕ್‌ಗಳಿದ್ದಾರೆ. ಹೆಂಡತಿಯ ಒಡವೆ ಅಡವಿಟ್ಟು ಆಟೋ ಕೊಳ್ಳುವವರೂ ಇದ್ದಾರೆ. ಈ ಮಾತು ಎಲ್ಲರಿಗೂ ಸಂಬಂಧಿಸಿದ್ದು.

ಇಮಾಮ್ ಅಹ್ಮದ್(ರಹ)ರ ಮುಸ್ನದ್‌ನಲ್ಲಿ ಒಂದು ಘಟನೆ ಇದೆ. ಒಬ್ಬರು ಒಂಟೆಯೊಂದನ್ನು ಕೊಂಡು ಹೊರಟಿದ್ದರು. ಸಹಾಬಿ ಹಝ್ರತ್ ವಾಸಿಲಾ ಇಬ್ನುಲ್ ಅಸ್ಖಅ್(ರ) ಅವರ ಬಳಿ ಬಂದು, ಇದರಲ್ಲಿ ಏನಿದೆ ಎಂದು ನಿಮಗೆ ತಿಳಿಸಿದ್ದಾರೆಯೇ ಎಂದು ಕೇಳಿದರು. ಮಾಂಸಕ್ಕೆ ಬೇಕೋ, ಪ್ರಯಾಣಕ್ಕೆ ಬೇಕೋ ಎಂದೂ ವಿಚಾರಿಸಿದರು. ಹಜ್ಜ್‌ಗೆ ಹೋಗಬೇಕು ಎಂದಾಗ, ಅದರ ಪಾದದಲ್ಲಿ ತೂತು ಬಿದ್ದಿದೆ ಎಂದು ತಿಳಿಸಿಬಿಟ್ಟರು. ನನ್ನ ವ್ಯಾಪಾರ ಕೆಡಿಸುತ್ತಿದ್ದೀರಿ ಎಂಬ ಆಕ್ಷೇಪ ಬಂತು. ಆಗ ವಾಸಿಲಾ(ರ), ದೋಷವನ್ನು ತಿಳಿಸದೆ ಮಾರುವುದು ಹಲಾಲ್ ಅಲ್ಲ, ಅದನ್ನು ಬಲ್ಲವನು ಹೇಳದೆ ಇರುವುದೂ ಹಲಾಲ್ ಅಲ್ಲ ಎಂದು ಪ್ರವಾದಿ(ಸ)ರಿಂದ ಕೇಳಿರುವುದಾಗಿ ಉತ್ತರಿಸಿದರು.

ಇದರಲ್ಲಿ ಎರಡು ಪಾಠಗಳಿವೆ. ಒಂದು: ಅದೇ ಒಂಟೆ ಮಾಂಸಕ್ಕೆ ಸರಿ, ಹಜ್ಜ್ ಪ್ರಯಾಣಕ್ಕೆ ಸರಿಯಲ್ಲ. ಕೊಳ್ಳುವವನಿಗೆ ಯಾವ ಗುಣ ಬೇಕೋ ಆ ಗುಣಕ್ಕೇ ಅವನು ಹಣ ಕೊಡುತ್ತಾನೆ. ಎರಡು: ಹೊಣೆ ಮಾರುವವನದ್ದು ಮಾತ್ರವಲ್ಲ, ತಿಳಿದವನದ್ದೂ ಹೌದು. ಗಾಡಿ ತೋರಿಸಲು ಬಂದವನಿಗೆ ಕಮಿಷನ್‌ನ ಆಸೆಯಿಂದ "ಏನೂ ತೊಂದರೆ ಇಲ್ಲ, ತಗೊಳ್ಳಿ" ಎನ್ನುವ ಮೆಕ್ಯಾನಿಕ್ ಮತ್ತು ಬ್ರೋಕರ್ ಈ ಹದೀಸನ್ನು ನೆನಪಿಡಬೇಕು.

ಇಂದು ಏನು ನಡೆಯುತ್ತಿದೆ? 2018ರಲ್ಲಿ ತಯಾರಾದ ಗಾಡಿಯನ್ನು 2019ರಲ್ಲಿ ನೋಂದಣಿ ಆಗಿದೆ ಎಂಬ ಕಾರಣಕ್ಕೆ 2019ರ ಮಾಡೆಲ್ ಎನ್ನುತ್ತಾರೆ. ಮೂರು ಕೈ ದಾಟಿದ್ದನ್ನು ಸಿಂಗಲ್ ಓನರ್ ಎನ್ನುತ್ತಾರೆ. ಮೀಟರ್ ತಿರುಗಿಸಿ ಒಂದೂವರೆ ಲಕ್ಷ ಕಿಲೋಮೀಟರನ್ನು ಅರವತ್ತು ಸಾವಿರ ಮಾಡುತ್ತಾರೆ. ಕೆಳದರ್ಜೆಯ ಗಾಡಿಗೆ ಹೊರಗಿನಿಂದ ಚಕ್ರ, ಸ್ಟೀರಿಯೋ ಹಾಕಿ ಟಾಪ್ ಎಂಡ್ ಎಂದು ಮಾರುತ್ತಾರೆ. ಆರು ಏರ್‌ಬ್ಯಾಗ್ ಎಂದದ್ದು ಎರಡೇ ಆಗಿದ್ದರೆ, ಅಪಘಾತದ ದಿನ ಆ ಸುಳ್ಳಿನ ಬೆಲೆಯನ್ನು ತೆರುವವರು ಹಿಂದೆ ಕುಳಿತ ಮಕ್ಕಳು.

ಮಾರುಕಟ್ಟೆಯಲ್ಲಿ ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಒಳಗೆ ತೇವವಿತ್ತು. ಮಳೆಗೆ ನೆನೆಯಿತು ಎಂದು ಮಾರುವವನು ಹೇಳಿದ. ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದ ಪ್ರವಾದಿ(ಸ)ರು, ವಂಚಿಸುವವನು ತಮ್ಮವನಲ್ಲ ಎಂದರು. ಸಹೀಹ್ ಮುಸ್ಲಿಮ್‌ನಲ್ಲಿ ಇದು ವರದಿಯಾಗಿದೆ. ಗಮನಿಸಿ: ಮಳೆ ಬಂದದ್ದು ಅವನ ತಪ್ಪಲ್ಲ. ಒದ್ದೆಯನ್ನು ಮುಚ್ಚಿಟ್ಟದ್ದು ಅವನ ತಪ್ಪು. ಹಳೆಯ ಗಾಡಿಯಲ್ಲಿ ದೋಷ ಇರುವುದು ಸಹಜ, ಅದನ್ನು ಹೇಳಿ ಮಾರಿದರೆ ಆ ಹಣ ಹಲಾಲ್. "ಇದ್ದ ಹಾಗೆ ಮಾರಿದ್ದೇನೆ, ಆಮೇಲೆ ಕೇಳಬೇಡಿ" ಎಂದ ಮಾತ್ರಕ್ಕೆ ತಿಳಿದೂ ಮುಚ್ಚಿಟ್ಟ ಪಾಪ ತೊಳೆದುಹೋಗುವುದಿಲ್ಲ.

ಇನ್ನು ಕೊಂಡವನ ಹಕ್ಕು. ನಮ್ಮಲ್ಲಿ ಹಲವರು ಮೋಸ ಹೋದರೆ "ನಸೀಬು" ಎಂದು ಸುಮ್ಮನಾಗುತ್ತಾರೆ. ಮಾರಿದವನು ನಮ್ಮ ಜಮಾಅತಿನವನೇ ಆಗಿದ್ದರಂತೂ ಕೇಳಲು ಸಂಕೋಚ. ಸಹೋದರರೇ, ಕ್ಷಮಿಸುವುದು ದೊಡ್ಡ ಗುಣ. ಆದರೆ ಹಕ್ಕು ಕೇಳುವುದು ಸಬ್ರ್‌ಗೆ ವಿರುದ್ಧವಲ್ಲ, ಸಹೋದರತೆಗೂ ವಿರುದ್ಧವಲ್ಲ. ಆ ಹಕ್ಕನ್ನು ಕೊಟ್ಟದ್ದು ಶರೀಅತ್.

ಹಾಲು ಕರೆಯದೆ ಕೆಚ್ಚಲು ತುಂಬಿಸಿ, ಹೆಚ್ಚು ಹಾಲು ಕೊಡುತ್ತದೆ ಎಂದು ತೋರಿಸಿ ಆಡು, ಒಂಟೆ ಮಾರುವುದನ್ನು ಪ್ರವಾದಿ(ಸ)ರು ನಿಷೇಧಿಸಿದರು. ಹಾಗೆ ಕೊಂಡವನಿಗೆ ಕರೆದು ನೋಡಿದ ಮೇಲೆ ಇಟ್ಟುಕೊಳ್ಳುವ ಅಥವಾ, ಒಂದು ಸಾಅ್ ಖರ್ಜೂರದೊಂದಿಗೆ, ಹಿಂದಿರುಗಿಸುವ ಆಯ್ಕೆ ಕೊಟ್ಟರು. ಅಂದಿನ ಕೆಚ್ಚಲು, ಇಂದಿನ ಮೀಟರ್. ಫಿಕ್ಹ್‌ನಲ್ಲಿ ದೋಷದ ಕಾರಣಕ್ಕೆ ಸಿಗುವ ಆಯ್ಕೆಗೆ ಖಿಯಾರುಲ್ ಐಬ್ ಎನ್ನುತ್ತಾರೆ. ಮಾತು ಕೊಟ್ಟ ಗುಣವೇ ಇಲ್ಲದಿದ್ದರೆ ಖಿಯಾರುಲ್ ವಸ್ಫ್. ಉಸ್ಮಾನಿ ಕಾಲದ ಕಾನೂನು ಸಂಹಿತೆ ಮಜಲ್ಲಾದಲ್ಲಿ, ಹಾಲು ಕೊಡುವ ಹಸು ಎಂದು ಕೊಂಡದ್ದು ಹಾಗಲ್ಲದಿದ್ದರೆ ಕೊಂಡವನು ವ್ಯಾಪಾರ ರದ್ದು ಮಾಡಬಹುದು ಎಂಬ ಉದಾಹರಣೆಯೇ ಇದೆ. ಗಾಡಿ ಕೆಟ್ಟಿರಲೇಬೇಕೆಂದಿಲ್ಲ. ಚೆನ್ನಾಗಿ ಓಡುವ ಗಾಡಿಯೂ ಹೇಳಿದ ಗಾಡಿ ಅಲ್ಲದಿದ್ದರೆ ಹಿಂದಿರುಗಿಸುವ ಹಕ್ಕಿದೆ.

ಆದರೆ ಈ ಹಕ್ಕಿಗೆ ಶಿಸ್ತು ಇದೆ. ಕೊಳ್ಳುವಾಗಲೇ ದೋಷ ತಿಳಿದಿದ್ದರೆ ಹಕ್ಕಿಲ್ಲ. ಶಾಫಿಈ ಮದ್‌ಹಬ್ ಪ್ರಕಾರ ತಿಳಿದ ಕೂಡಲೇ ಹಿಂದಿರುಗಿಸಲು ಮುಂದಾಗಬೇಕು. ಹನಫಿ ಮದ್‌ಹಬ್‌ನಲ್ಲಿ ಅಷ್ಟು ಅವಸರವಿಲ್ಲ, ಆದರೂ ತಿಳಿದ ಮೇಲೆ ಒಪ್ಪಿದಂತೆ ಬಳಸುತ್ತಾ ಹೋದರೆ ಹಕ್ಕು ಹೋಗುತ್ತದೆ. ಹಾಗಾಗಿ ಆರು ತಿಂಗಳು ಓಡಿಸಿ ಆಮೇಲೆ ನೆನಪಿಸಿಕೊಳ್ಳಬೇಡಿ. ತಿಳಿದ ದಿನವೇ ಬರೆದು ತಿಳಿಸಿ.

ನಮ್ಮ ದೇಶದ ಕಾನೂನೂ ಇಲ್ಲಿ ಇದೇ ದಾರಿಯಲ್ಲಿದೆ. 1930ರ ಸರಕು ಮಾರಾಟ ಕಾಯ್ದೆಯಂತೆ, ವಿವರಣೆ ನೀಡಿ ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗುಣಮಟ್ಟ, ಮಾಡೆಲ್ ಬಗ್ಗೆ ಸುಳ್ಳು ಹೇಳುವುದು, ಹಳೆಯದನ್ನು ಹೊಸದೆನ್ನುವುದು ಅನುಚಿತ ವ್ಯಾಪಾರ. ನಾವು ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆದರೆ 2 ವರ್ಷದೊಳಗೆ. ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ಆಟೋ ಕೊಂಡವನೂ ಗ್ರಾಹಕನೇ. ಮೊದಲು ಸಲಹೆ ಬೇಕಿದ್ದರೆ 1915ಕ್ಕೆ ಕರೆ ಮಾಡಿ. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ ಗ್ರಾಹಕ ಆಯೋಗದ ದಾರಿ ಇಲ್ಲ, ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು.

ಅಲ್ಲಿವರೆಗೆ ಹೋಗದಂತೆ ಮುಂಚೆಯೇ ಎಚ್ಚರ ವಹಿಸಿ. ಟೋಕನ್ ಕೊಡುವ ಮೊದಲು ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು-ವರ್ಷ ಓದಿ, ಚಾಸಿಸ್ ನಂಬರ್ ಹೊಂದಿಸಿ ನೋಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ವಿವರ ನೋಡಿ. ಸರ್ವಿಸ್ ದಾಖಲೆ ಕೇಳಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸಾಲದ ವ್ಯವಹಾರವನ್ನು ಬರೆದಿಡಲು ಸೂರಃ ಅಲ್‌ಬಖರಃದಲ್ಲಿ ಅಲ್ಲಾಹನೇ ಆದೇಶಿಸಿದ್ದಾನೆ. ಬರೆದುಕೊಡಿ ಎನ್ನುವುದು ಅಪನಂಬಿಕೆಯಲ್ಲ.

ಒಂದು ಕೊನೆಯ ಎಚ್ಚರಿಕೆ ಮೋಸ ಹೋದವನಿಗೇ. "ನನಗೆ ಕಟ್ಟಿದರು, ನಾನು ಇನ್ನೊಬ್ಬರಿಗೆ ಕಟ್ಟುತ್ತೇನೆ" ಎಂದು ಅದೇ ಸುಳ್ಳಿನೊಂದಿಗೆ ಗಾಡಿಯನ್ನು ದಾಟಿಸಬೇಡಿ. ನಿನ್ನೆಯವರೆಗೆ ಮಝ್ಲೂಮ್ ಆಗಿದ್ದವನು ಇಂದು ಝಾಲಿಮ್ ಆಗಿಬಿಡುತ್ತಾನೆ. ಜಮಾಅತಿನ ಹಿರಿಯರೂ ಇಂಥ ದೂರು ಬಂದಾಗ "ಹೋಗಲಿ ಬಿಡಿ" ಎಂದು ಬಡವನ ಬಾಯಿ ಮುಚ್ಚಿಸದೆ, ಇಬ್ಬರನ್ನೂ ಕೂರಿಸಿ ಕಾಗದ ನೋಡಿ ನ್ಯಾಯ ಹೇಳಬೇಕು.

ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ ಎಲ್ಲವನ್ನೂ ತಿಳಿಸಿದರೆ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಬರಕತ್ ಅಳಿಸಿಹೋಗುತ್ತದೆ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಯಾ ಅಲ್ಲಾಹ್, ನಮ್ಮ ನಾಲಿಗೆಗೆ ಸತ್ಯವನ್ನೂ ನಮ್ಮ ಮಕ್ಕಳ ತಟ್ಟೆಗೆ ಹಲಾಲ್ ಅನ್ನವನ್ನೂ ದಯಪಾಲಿಸು. ಮೋಸ ಹೋದವರಿಗೆ ಅವರ ಹಕ್ಕನ್ನು ದೊರಕಿಸು, ಮೋಸ ಮಾಡಿದವರಿಗೆ ತೌಬಾ ಮಾಡಿ ಹಣ ಹಿಂದಿರುಗಿಸುವ ತೌಫೀಕ್ ನೀಡು. ಆಮೀನ್.