ಒದ್ದೆಯಿದ್ದಾಗ ಮಾತ್ರ ಹೊಳೆಯುವ ಗಾಜು

(ಏಕಸಂಬಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ, ಅನುಗ್ರಹಗಳಿರಲಿ.

ನಮ್ಮ ಹಿರಿಯರ ಮನೆಗಳ ಅಟ್ಟದಲ್ಲಿ ಹಳೆಯ ಅತ್ತರಿನ ಸೀಸೆ, ಔಷಧದ ಬಾಟಲಿ, ಗೋಲಿ ಸೋಡಾ ಬಾಟಲಿ ಇರುತ್ತವೆ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ಗೋಲಿ ಬಾಟಲಿಯನ್ನು ಇಂದು ಆಸೆಯಿಂದ ಸಂಗ್ರಹಿಸುವವರಿದ್ದಾರೆ. ಇದು ಹಲಾಲ್ ಹವ್ಯಾಸ, ಹಲಾಲ್ ವ್ಯಾಪಾರ. ಆದರೆ ಇದರಲ್ಲೂ ನಮಗೊಂದು ಪರೀಕ್ಷೆ ಇದೆ.

ಬಾಟಲಿ ತೊಳೆಯಲು ತಾಳ್ಮೆ ಬೇಕು. ಮೊದಲು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಬೇಕು. ಕುದಿಯುವ ನೀರು ಸುರಿದರೆ ಹಳೆಯ ಗಾಜು ಸೀಳುತ್ತದೆ. ಬ್ರಷ್ ಹೋಗದ ಕತ್ತಿಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಮೆಲ್ಲಗೆ ಅಲುಗಾಡಿಸಬೇಕು. ಬೋರ್‌ವೆಲ್ ನೀರಿನ ಸುಣ್ಣದ ಕಲೆಯನ್ನು ವಿನೆಗರ್ ಕರಗಿಸುತ್ತದೆ. ತಂತಿಯಿಂದ ಉಜ್ಜಿದರೆ ಗೀರು ಉಳಿಯುತ್ತದೆ.

ಆದರೆ ವರ್ಷಗಟ್ಟಲೆ ತೇವದ ಎರೆಮಣ್ಣಿನಲ್ಲಿ ಹೂತಿದ್ದ ಬಾಟಲಿಯ ಕಥೆ ಬೇರೆ. ನೀರು ಗಾಜಿನೊಳಗಿನ ಕ್ಷಾರವನ್ನು ಎಳೆದುಕೊಂಡು ಅದರ ಮೈಯನ್ನೇ ತಿಂದಿರುತ್ತದೆ. ಆ ಮಬ್ಬು ತೊಳೆದರೆ ಹೋಗುವ ಕೊಳೆಯಲ್ಲ. ಒದ್ದೆಯಿದ್ದಾಗ ಫಳಫಳ ಹೊಳೆದು, ಒಣಗಿದೊಡನೆ ಮತ್ತೆ ಮಸುಕಾಗುತ್ತದೆ. ಇದನ್ನು ಬಲ್ಲ ಕೆಲವರು ಒಳಗೆ ತೆಳುವಾಗಿ ಎಣ್ಣೆ ಸವರಿ, ಗಾಜು ನಿರ್ಮಲವಾಗಿದೆಯೆಂದು ತೋರಿಸಿ ಮಾರುತ್ತಾರೆ.

ಸಹೋದರರೇ, ಇಲ್ಲಿ ಮದೀನಾದ ಆ ಮಾರುಕಟ್ಟೆಯನ್ನು ನೆನೆಯೋಣ. ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು; ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಧಾನ್ಯ ನೆನೆದದ್ದು ಆತನ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಗಾಜು ಮಬ್ಬಾದದ್ದೂ ನಮ್ಮ ತಪ್ಪಲ್ಲ. ಈ ಮಬ್ಬು ಹೋಗುವುದಿಲ್ಲ ಎಂದು ಹೇಳಿ ಮಾರಿದರೆ ನಾಲ್ಕು ಕಾಸು ಕಡಿಮೆ ಬಂದೀತು, ಆದರೆ ಅದರಲ್ಲಿ ಬರಕತ್ ಇರುತ್ತದೆ.

ಇನ್ನು ನಮ್ಮ ಹೃದಯಗಳನ್ನು ನೋಡಿಕೊಳ್ಳೋಣ. ಮನುಷ್ಯರ ದುಷ್ಕೃತ್ಯಗಳೇ ಅವರ ಹೃದಯಗಳಿಗೆ ತುಕ್ಕಾಗಿ ಹಿಡಿಯುವ ವಿಷಯವನ್ನು ಕುರ್‌ಆನ್‌ನ ಮುತಫ್ಫಿಫೀನ್ ಅಧ್ಯಾಯ ತಿಳಿಸುತ್ತದೆ. ಅಳತೆ, ತೂಕದಲ್ಲಿ ಮೋಸ ಮಾಡುವವರಿಗೆ ಎಚ್ಚರಿಕೆ ನೀಡುತ್ತಲೇ ಆರಂಭವಾಗುವ ಅಧ್ಯಾಯವದು. ಪಾಪ ಮಾಡಿದಾಗ ಹೃದಯದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ಅದನ್ನು ಬಿಟ್ಟು ತೌಬಾ ಮಾಡಿದರೆ ಹೃದಯ ಮತ್ತೆ ಹೊಳಪು ಪಡೆಯುತ್ತದೆ ಎಂದು ಹದೀಸ್ ಕಲಿಸುತ್ತದೆ.

ಜುಮಾಕ್ಕೆ ಸ್ನಾನ ಮಾಡಿ, ಅತ್ತರ್ ಹಚ್ಚಿ ಬರುವುದು ಸುನ್ನತ್. ಆದರೆ ಅಕ್ಕತಂಗಿಯರ ಆಸ್ತಿಯ ಪಾಲನ್ನು ತಡೆಹಿಡಿದು, ಕೂಲಿಯವನ ಹಣ ಬಾಕಿ ಇಟ್ಟು ಮೊದಲ ಸಾಲಿನಲ್ಲಿ ನಿಂತರೆ ನಮ್ಮ ಹೊಳಪು ಎಣ್ಣೆಯ ಹೊಳಪೇ ಸರಿ. ಜನರ ಕಣ್ಣಿಗೆ ಅದು ಕಂಡೀತು, ಅಲ್ಲಾಹನಿಂದ ಏನನ್ನೂ ಮುಚ್ಚಿಡಲಾಗದು.

ನೀರು ತಿಂದ ಗಾಜು ಮೊದಲಿನಂತಾಗದು. ಹೃದಯ ಹಾಗಲ್ಲ. ಉಸಿರಿರುವ ತನಕ ತೌಬಾದ ಬಾಗಿಲು ತೆರೆದಿದೆ. ಇಂದು ಮನೆಗೆ ಹೋದೊಡನೆ ಯಾರ ಹಕ್ಕು ನಮ್ಮ ಬಳಿ ಉಳಿದಿದೆಯೆಂದು ಲೆಕ್ಕ ಹಾಕೋಣ, ಹಿಂತಿರುಗಿಸೋಣ.

ಅಲ್ಲಾಹನು ನಮ್ಮ ಸಂಪಾದನೆಯನ್ನೂ ಹೃದಯಗಳನ್ನೂ ಶುದ್ಧಗೊಳಿಸಲಿ. ಆಮೀನ್.